ನಮ್ಮ ಎಳೆಯರೂ ಜಾಹೀರಾತಿನ ಧ್ವನಿಯೂ

“ಈಗಿನ ಹುಡುಗರು ಕೆಟ್ಟುಹೋದರು” ಎಂಬ ಮಾತು ನಮ್ಮ ಸಭೆಗಳಲ್ಲಿಯೂ ಮದುವೆಯ ಚಪ್ಪರಗಳಲ್ಲಿಯೂ ದೇವಸ್ಥಾನದ ಜಗಲಿಗಳಲ್ಲಿಯೂ ನಿತ್ಯವೂ ಕೇಳಿಬರುತ್ತಿರುವುದಷ್ಟೆ. ಹೀಗೆ ಹೇಳತಕ್ಕವರಲ್ಲಿ ಹೆಚ್ಚಿನವರು ವಿದ್ಯಾವಂತರು. ಮಕ್ಕಳನ್ನೂ ಮೊಮ್ಮಕ್ಕಳನ್ನೂ ಉಳ್ಳವರು. ಅವರ ಕಳವಳವು ಹುಸಿಯಾದುದೆಂದು ನಾನು ಹೇಳುವವನಲ್ಲ. ಆದರೆ ಅವರು ಕೊಡುತ್ತಿರುವ ತೀರ್ಪು ಅನ್ಯಾಯದ್ದೆಂದು ಹೇಳದೆ ನಿರ್ವಾಹವಿಲ್ಲ. ಕಳವಾದ ಮನೆಯ ಯಜಮಾನನನ್ನು ಕಂಬಕ್ಕೆ ಕಟ್ಟಿ, ಕಳ್ಳನಿಗೆ ಸಭೆಯ ಮುಂದಿನ ಸಾಲಿನಲ್ಲಿ ಪೀಠವಿಟ್ಟಂತಿದೆ ಈ ತೀರ್ಪು. ಹದಿನಾಲ್ಕು ವರುಷದ ಹುಡುಗನ ಆಸೆಗಳೆಲ್ಲವೂ ಅವನಲ್ಲಿ ತಾವಾಗಿಯೇ ಹುಟ್ಟಿದುವಲ್ಲ. ಅವುಗಳನ್ನು ಹುಟ್ಟಿಸುವುದಕ್ಕಾಗಿಯೇ ಸಂಬಳವನ್ನು ಪಡೆಯುವ, ವಯಸ್ಸಿನಲ್ಲಿಯೂ ಬುದ್ಧಿಯಲ್ಲಿಯೂ ಅವನಿಗಿಂತ ಹಿರಿಯರಾದ ಜನರು ಲೋಕದಲ್ಲಿದ್ದಾರೆ. ಅವರ ಕಸುಬಿನ ರೀತಿಯನ್ನು ಪರೀಕ್ಷಿಸದೆ ಹುಡುಗನನ್ನು ಜರೆಯುವುದು ಸುಲಭವೂ ಹೌದು, ನಿಷ್ಫಲವೂ ಹೌದು.

ಕೊಟ್ಟಾರ ಚೌಕಿಯಿಂದ ನಮ್ಮ ಕೂಳೂರಿನ ಸೇತುವೆಯವರೆಗೆ ರಾಷ್ಟ್ರೀಯ ಹೆದ್ದಾರಿ ೬೬ರಲ್ಲಿ ಸಾಗುವವರಿಗೆ ಇಕ್ಕೆಲಗಳಲ್ಲಿಯೂ ಫಲಕಗಳು ಕಾಣಸಿಗುವುವು. ಚಿನ್ನದ ಅಂಗಡಿ, ಸೀರೆಯ ಅಂಗಡಿ, ವಸತಿ ಸಮುಚ್ಚಯ, ಕಾಲೇಜು—ಇವುಗಳ ಫಲಕಗಳು ತಮ್ಮ ಸರಕು ಏನೆಂಬುದನ್ನು ಬಾಯಿಬಿಟ್ಟು ಹೇಳುವುವು. ಅವುಗಳ ಗುಣದೋಷಗಳನ್ನು ವಿಚಾರಿಸುವುದಕ್ಕೆ ಇದು ಪ್ರಸಂಗವಲ್ಲ. ತನ್ನ ಸರಕಿನ ಹೆಸರನ್ನು ಹೇಳಲಾರದ, ಹೇಳದೆಯೇ ಮಾರಿಬಿಡುವ ಜಾಹೀರಾತೊಂದಿದೆ. ನನ್ನ ತಕರಾರು ಮುಖ್ಯವಾಗಿ ಅದರೊಡನೆ. ಮದ್ಯ, ತಂಬಾಕು, ಹಣವನ್ನು ಒಡ್ಡಿ ಆಡುವ ಆಟ—ಈ ಮೂರು ಸರಕುಗಳು ನಮ್ಮ ಎಳೆಯರ ಮನಸ್ಸನ್ನು ಹೊಕ್ಕ ದಾರಿಯನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಇಲ್ಲಿ ಒಂದು ಶಾಸ್ತ್ರವಿಷಯವನ್ನು ಪ್ರಸ್ತಾಪಿಸಲು ವಾಚಕರ ಅಪ್ಪಣೆಯನ್ನು ಬೇಡುತ್ತೇನೆ. ಪಾಠಶಾಲೆಯಲ್ಲಿ ಓದಿದವನ ಕೈಗೆ ಸಿಕ್ಕುವ ಉಪಕರಣ ಅದೇ. ಮೇಲಾಗಿ ಈ ರೋಗಕ್ಕೆ ಅದಕ್ಕಿಂತ ಸರಿಯಾದ ನಿದಾನವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ನಮ್ಮ ಆಲಂಕಾರಿಕರು ಶಬ್ದಕ್ಕೆ ಅಭಿಧೆ, ಲಕ್ಷಣೆ, ವ್ಯಂಜನೆ ಎಂದು ಮೂರು ಶಕ್ತಿಗಳನ್ನು ಹೇಳಿರುವರು. ಪದವು ನೇರವಾಗಿ ಹೇಳುವ ಅರ್ಥವು ವಾಚ್ಯ. ಅದು ಹೊಂದಿಕೊಳ್ಳದಿರುವಲ್ಲಿ ಅದಕ್ಕೆ ಸಂಬಂಧಪಟ್ಟ ಬೇರೊಂದನ್ನು ಹಿಡಿಯುವುದು ಲಕ್ಷ್ಯ. ಇವೆರಡೂ ಮುಗಿದ ಮೇಲೆ, ಗಂಟೆಯನ್ನು ಹೊಡೆದ ಬಳಿಕ ಉಳಿಯುವ ಅನುರಣನದಂತೆ, ಕೇಳುವವನ ಮನಸ್ಸಿನಲ್ಲಿ ತೋರುವ ಅರ್ಥವು ವ್ಯಂಗ್ಯ. ಅದಕ್ಕೆ ಪ್ರಾಧಾನ್ಯವಿರುವಲ್ಲಿ ಧ್ವನಿ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ಇದನ್ನು ಸಾಂಗವಾಗಿ ಸಾಧಿಸಿದನು. ‘ಹೊತ್ತು ಮುಳುಗಿತು’ ಎಂಬ ಒಂದು ಮಾತು ದನ ಮೇಯಿಸುವವನಿಗೆ ಹಟ್ಟಿಗೆ ಹೊರಡೆಂದೂ, ವೈದಿಕನಿಗೆ ಸಂಧ್ಯಾವಂದನೆಗೆ ಏಳೆಂದೂ, ಕಳ್ಳನಿಗೆ ಸಮಯವು ಸಮೀಪಿಸಿತೆಂದೂ ತೋರುವುದೆಂದು ಪಂಡಿತರು ಪಾಠ ಹೇಳುವ ಕ್ರಮವಿದೆ. ವಾಕ್ಯವು ಒಂದೇ, ವಾಚ್ಯವೂ ಒಂದೇ, ಫಲವು ಮಾತ್ರ ಕೇಳುವವನಿಗೆ ತಕ್ಕಂತೆ ಬೇರೆ ಬೇರೆ.

ಧ್ವನಿಗೆ ಎರಡು ಗುಣಗಳುಂಟು. ಮೊದಲನೆಯದು, ಹೇಳಿದವನು ಅದನ್ನು ಅಲ್ಲಗಳೆಯಬಹುದು, “ನಾನು ಹೊತ್ತು ಮುಳುಗಿತೆಂದೆನಷ್ಟೆ, ಕನ್ನ ಕೊರೆಯೆಂದು ಯಾವಾಗ ಹೇಳಿದೆ?” ಎನ್ನಬಹುದು. ಎರಡನೆಯದು, ಅದನ್ನು ಕಂಡುಕೊಳ್ಳುವವನು ಕೇಳುಗನೇ ಆದುದರಿಂದ ಅದು ತನ್ನ ಸ್ವಂತದ ಅರ್ಥವೆಂದೇ ಅವನಿಗೆ ಭಾಸವಾಗುವುದು. ಕಾವ್ಯದಲ್ಲಿ ಈ ಎರಡು ಗುಣಗಳೂ ಭೂಷಣಗಳು. ವ್ಯಾಪಾರದಲ್ಲಿ ಮೊದಲನೆಯದು ಕಾನೂನಿನಿಂದ ನುಣುಚಿಕೊಳ್ಳುವ ಉಪಾಯವಾಗುವುದು. ಎರಡನೆಯದು “ಇದು ನನ್ನ ಇಷ್ಟ, ಯಾರೂ ನನಗೆ ಹೇಳಿಕೊಟ್ಟದ್ದಲ್ಲ” ಎಂದು ಹುಡುಗನು ಪ್ರಾಮಾಣಿಕವಾಗಿಯೇ ವಾದಿಸುವಂತೆ ಮಾಡುವುದು. ಈ ವಾದವನ್ನು ಕೇಳದ ಮನೆ ಇಂದು ಯಾವುದಿದೆ?

ಇನ್ನು ಕಾನೂನಿನ ಸ್ಥಿತಿಯನ್ನು ನೋಡೋಣ. ತಂಬಾಕಿನ ವಿಷಯದಲ್ಲಿ ೨೦೦೩ರ ಕೇಂದ್ರ ಕಾಯಿದೆಯ ೫ನೆಯ ಕಲಮು ಪ್ರತ್ಯಕ್ಷ ಪರೋಕ್ಷ ಜಾಹೀರಾತುಗಳೆರಡನ್ನೂ ನಿಷೇಧಿಸಿದೆ. ೬ನೆಯ ಕಲಮು ೧೮ ವರುಷಕ್ಕೆ ಕೆಳಗಿನವರಿಗೆ ಮಾರಬಾರದೆಂದೂ ಶಿಕ್ಷಣಸಂಸ್ಥೆಗಳ ೧೦೦ ಗಜದೊಳಗೆ ಮಾರಬಾರದೆಂದೂ ವಿಧಿಸಿದೆ. ನಮ್ಮ ರಾಜ್ಯವು ೨೦೧೩ರಲ್ಲಿ ಗುಟ್ಕಾವನ್ನೇ ನಿಷೇಧಿಸಿತು. ಮದ್ಯದ ಮತ್ತು ತಂಬಾಕಿನ ಜಾಹೀರಾತುಗಳು ಟೆಲಿವಿಷನ್ನಿನಲ್ಲಿ ಬರಕೂಡದೆಂದು ೧೯೯೪ರ ಕೇಬಲ್ ಟೆಲಿವಿಷನ್ ಜಾಲ ನಿಯಮಗಳ ೭ನೆಯ ನಿಯಮವು ಹೇಳುವುದು. ಆದರೆ ೨೦೦೯ರಲ್ಲಿ ಆ ನಿಯಮಕ್ಕೆ ಒಂದು ಬಾಲವನ್ನು ಸೇರಿಸಲಾಯಿತು: ನಿಷಿದ್ಧ ಸರಕಿನ ಹೆಸರನ್ನೇ ಹೊತ್ತ ಬೇರೊಂದು ಸರಕನ್ನು, ಅದರ ಬಣ್ಣ ವಿನ್ಯಾಸ ಸನ್ನಿವೇಶಗಳು ನಿಷಿದ್ಧವಾದುದನ್ನು ಸೂಚಿಸದಿದ್ದರೆ, ಪ್ರಕಟಿಸಬಹುದು. ಬಳಕೆದಾರರ ಸಂರಕ್ಷಣಾ ಪ್ರಾಧಿಕಾರವು ೨೦೨೨ರ ಜೂನ್ ೯ರಂದು ಹೊರಡಿಸಿದ ಮಾರ್ಗಸೂಚಿಗಳು ಪರೋಕ್ಷ ಜಾಹೀರಾತನ್ನು ಸ್ಪಷ್ಟವಾಗಿ ನಿಷೇಧಿಸಿದುವು. ಮಕ್ಕಳನ್ನು ಉದ್ದೇಶಿಸಿದ ಜಾಹೀರಾತುಗಳಿಗೆ ಪ್ರತ್ಯೇಕ ನಿರ್ಬಂಧಗಳನ್ನೂ ಹಾಕಿದುವು. ಆದರೂ ಅಲ್ಲಿಯೂ ಅದೇ ಬಾಲ—ಬರಿಯ ಹೆಸರೊಂದು ಸಮಾನವಾಗಿದ್ದ ಮಾತ್ರಕ್ಕೆ ದೋಷವಿಲ್ಲ.

ವಾಚಕರು ಇದನ್ನು ಲಕ್ಷ್ಯವಿಟ್ಟು ನೋಡಬೇಕು. ಶಾಸನಕರ್ತರು ಧ್ವನಿಯನ್ನು ಅರಿಯದವರಲ್ಲ. ಸೂಚನೆ ಕೂಡದೆಂದು ಅವರೇ ಬರೆದಿರುವರು. ಆದರೆ ಹೆಸರಿಗೇ ಸೂಚಿಸುವ ಶಕ್ತಿಯುಂಟೆಂಬುದನ್ನು ಒಪ್ಪಿಕೊಳ್ಳಲು ಹಿಂಜರಿದರು. ದೀಪವನ್ನು ಒಳಗೆ ಬಿಟ್ಟು ಬೆಳಕು ಬರಬಾರದೆಂದು ಅಪ್ಪಣೆ ಕೊಡಿಸಿದಂತಾಯಿತು. ಮೂವತ್ತು ವರುಷ ವಿಸ್ಕಿಗೆ ಅಂಟಿದ್ದ ಹೆಸರನ್ನು ಸೋಡಾದ ಸೀಸೆಗೆ ಅಂಟಿಸಿದರೆ ಆ ಹೆಸರು ತನ್ನ ಮೂವತ್ತು ವರುಷಗಳನ್ನು ಮರೆತುಬಿಡುವುದೇ? ಗುಟ್ಕಾದ ಪೊಟ್ಟಣದ ಮೇಲಿನ ಹೆಸರನ್ನು ಏಲಕ್ಕಿಗೆ ಇಟ್ಟರೆ ನೋಡುವವನಿಗೆ ಏಲಕ್ಕಿಯ ನೆನಪಾಗುವುದೇ? ೨೦೨೨ರ ಏಪ್ರಿಲಿನಲ್ಲಿ ಅಂತಹ ಏಲಕ್ಕಿಯೊಂದರ ಜಾಹೀರಾತಿನಲ್ಲಿ ಕಾಣಿಸಿಕೊಂಡ ಹಿಂದೀ ಚಿತ್ರನಟ ಅಕ್ಷಯ್ ಕುಮಾರರು, ಜನರು ಕೋಪಗೊಂಡುದನ್ನು ಕಂಡು ಬಹಿರಂಗವಾಗಿ ಕ್ಷಮೆಯನ್ನು ಕೇಳಿ ಹಿಂದೆ ಸರಿದರು. ಏಲಕ್ಕಿಯನ್ನು ತಿನ್ನಿರೆಂದುದಕ್ಕಾಗಿ ಲೋಕದಲ್ಲಿ ಯಾರಾದರೂ ಎಂದಾದರೂ ಕ್ಷಮೆ ಕೇಳಿದ್ದುಂಟೆ? ಆ ಕ್ಷಮೆಯೊಂದೇ ಸಾಕು, ಧ್ವನಿಯು ಸರ್ವರಿಗೂ ಕೇಳಿಸಿತ್ತೆಂಬುದಕ್ಕೆ.

ಈಗ ನಮ್ಮ ನಾಡಿನ ಉದಾಹರಣೆಗೆ ಬರುತ್ತೇನೆ. ೨೦೦೮ರಲ್ಲಿ ಐಪಿಎಲ್ ಪಂದ್ಯಗಳು ಆರಂಭವಾದಾಗ ಬೆಂಗಳೂರಿನ ತಂಡವನ್ನು ಕೊಂಡವರು ವಿಜಯ್ ಮಲ್ಯರ ಮದ್ಯೋದ್ಯಮದವರು. ತಂಡಕ್ಕೆ ಇಟ್ಟ ಹೆಸರು ‘ರಾಯಲ್ ಚಾಲೆಂಜರ್ಸ್’. ಅದೇ ಉದ್ಯಮದವರು ಮಾರುತ್ತಿದ್ದ ವಿಸ್ಕಿಯ ಹೆಸರು ‘ರಾಯಲ್ ಚಾಲೆಂಜ್’. ಕಾನೂನಿನ ಕಣ್ಣಿಗೆ ಇದು ಹನ್ನೊಂದು ಮಂದಿ ಆಟಗಾರರ ತಂಡದ ಹೆಸರಷ್ಟೆ. ಆದರೆ ಅಂದಿನಿಂದ ಮುಂದಕ್ಕೆ ಆ ಸೀಸೆಯ ಹೆಸರು ಎಂಟು ವರುಷದ ಮಕ್ಕಳ ಅಂಗಿಯ ಮೇಲೂ, ಪಾಠದ ಚೀಲದ ಮೇಲೂ, ಗಾಳಿಪಟದ ಮೇಲೂ, ಸಂಜೆ ಗದ್ದೆಯಲ್ಲಿ ಟೆನಿಸ್ ಚೆಂಡಿನಿಂದ ಆಡುವ ಹುಡುಗರ ಬಾಯಿಯಲ್ಲೂ ನೆಲೆಸಿತು. ಹಣಕೊಟ್ಟು ಪಡೆಯಲಾಗದುದು ಭಕ್ತಿಯೊಂದೇ ಎಂದು ನಾವು ಹಿಂದೆ ತಿಳಿದಿದ್ದೆವು. ಆ ತಂಡವು ಹದಿನೇಳು ವರುಷ ಸೋತರೂ ಬಿಡದ ಭಕ್ತಿಯನ್ನು ನಮ್ಮ ಮಕ್ಕಳು ಆ ಹೆಸರಿಗೆ ಪುಕ್ಕಟೆಯಾಗಿ ಕೊಟ್ಟರು. “ಈ ಸಲ ಕಪ್ ನಮ್ದೇ” ಎಂದು ಪ್ರತಿ ವರುಷವೂ ಕೂಗಿದವರ ನಿಷ್ಠೆಯನ್ನು ನಾನು ಹಾಸ್ಯ ಮಾಡಲಾರೆ. ಅಷ್ಟು ನಿರ್ಮಲವಾದ ಪ್ರೀತಿಯನ್ನು ತುಂಬಲು ಸಿಕ್ಕಿದ ಪಾತ್ರೆಯು ಎಂತಹದು ಎಂಬುದೇ ನನ್ನ ದುಃಖ.

೨೦೨೪ರ ಮಾರ್ಚ್ ತಿಂಗಳಲ್ಲಿ ಆ ತಂಡದ ಹೆಸರನ್ನು ತಿದ್ದಲಾಯಿತು. ಅದಕ್ಕೆ ಮುಂಚೆ ಬಂದ ಪ್ರಕಟನಾ ಚಿತ್ರವು ಕರಾವಳಿಯವರು ಗಮನಿಸಬೇಕಾದುದು. ನಮ್ಮ ಕಂಬಳದ ಕೋಣಗಳಂತಹ ಮೂರು ಕೋಣಗಳು. ಒಂದೊಂದರ ಮೇಲೆ ತಂಡದ ಹೆಸರಿನ ಒಂದೊಂದು ಪದ. ನಮ್ಮ ಕಡೆಯವರೇ ಆದ ಪ್ರಸಿದ್ಧ ನಟರು ‘ಬ್ಯಾಂಗಲೋರ್’ ಎಂದು ಬರೆದಿದ್ದ ಮೂರನೆಯ ಕೋಣವು ಬೇಡವೆಂದು ಕಳುಹಿಸಿಬಿಡುವರು, “ಅರ್ಥ ಆಯ್ತಾ?” ಎಂದು ಕೇಳುವರು. ಬ್ಯಾಂಗಲೋರ್ ಹೋಗಿ ಬೆಂಗಳೂರು ಬಂದಿತು. ಕನ್ನಡದ ಜಯವಾಯಿತೆಂದು ನಾಡೆಲ್ಲ ಹಿಗ್ಗಿತು; ನಾನೂ ಕನ್ನಡಿಗನೇ, ನನಗೂ ಬೆಂಗಳೂರು ಬಂದುದರಲ್ಲಿ ಅಸಂತೋಷವಿಲ್ಲ. ಆದರೆ ಅರ್ಥವಾಯಿತೇ ಎಂದು ಕೇಳಿದುದರಿಂದ ನನಗೆ ಅರ್ಥವಾದುದನ್ನು ಹೇಳಬೇಕು. ಮೂರನೆಯ ಕೋಣವು ಹೋಯಿತು. ಮೊದಲಿನ ಎರಡು ನಿಂತೇ ಇದ್ದುವು. ಆ ಎರಡರ ಕೊರಳ ಹಗ್ಗವು ಎಲ್ಲಿಗೆ ಕಟ್ಟಿದೆಯೆಂದು ಕನ್ನಡದ ಪರವಾಗಿ ಬೀದಿಗಿಳಿಯುವ ಯಾವ ಸಂಘವೂ ಕೇಳಲಿಲ್ಲ. ಊರಿನ ಹೆಸರನ್ನು ಶುದ್ಧಗೊಳಿಸಿ ಸೀಸೆಯ ಹೆಸರಿಗೆ ಜೋಡಿಸಿದುದರಿಂದ ಗೌರವವು ಯಾರಿಗೆ ಹೆಚ್ಚಿತು? ಊರಿಗೋ, ಸೀಸೆಗೋ?

ಮರುವರುಷ, ೨೦೨೫ರ ಜೂನ್ ೩ರಂದು, ಆ ತಂಡವು ಅಹಮದಾಬಾದಿನಲ್ಲಿ ಮೊತ್ತಮೊದಲ ಸಲ ಕಪ್ಪನ್ನು ಗೆದ್ದಿತು. ಮರುದಿನವೇ ಬೆಂಗಳೂರಿನಲ್ಲಿ ವಿಜಯೋತ್ಸವವೆಂಬ ಸುದ್ದಿಯು ಬೆಳಗ್ಗೆ ಫೋನುಗಳ ಮೂಲಕ ಹರಡಿತು. ಮಧ್ಯಾಹ್ನದ ಹೊತ್ತಿಗೆ ಲಕ್ಷಾಂತರ ಜನರು ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ನೆರೆದರು. ದ್ವಾರಗಳಲ್ಲಿ ಆದ ನೂಕುನುಗ್ಗಲಿನಲ್ಲಿ ಹನ್ನೊಂದು ಮಂದಿ ಪ್ರಾಣಬಿಟ್ಟರು. ಮಡಿದವರಲ್ಲಿ ಬಹುಮಂದಿ ಎಳೆಯರು, ಹದಿಹರೆಯದವರೂ ಇದ್ದರು. ಆ ಸಾವುಗಳಿಗೆ ಯಾರು ಎಷ್ಟರ ಮಟ್ಟಿಗೆ ಹೊಣೆಯೆಂಬುದನ್ನು ನ್ಯಾಯಸ್ಥಾನಗಳು ನಿರ್ಣಯಿಸಲಿ. ಅದು ನನ್ನ ಅಧಿಕಾರವಲ್ಲ. ಆ ಗುಂಪನ್ನು “ಹುಚ್ಚು ಹುಡುಗರು” ಎಂದು ಮರುದಿನ ಬೈದವರಿಗೆ ಮಾತ್ರ ನಾನು ಉತ್ತರ ಹೇಳಬೇಕು. ಆ ಮಕ್ಕಳು ಕುಡಿದು ಬಂದವರಲ್ಲ, ಕದಿಯಲು ಬಂದವರಲ್ಲ. ತಮ್ಮದೆಂದು ತಿಳಿದ ಒಂದು ಸಂತೋಷದಲ್ಲಿ ಪಾಲು ಪಡೆಯಲು ಬಂದವರು. ಬಾಲ್ಯದಿಂದಲೂ ಅವರನ್ನು ಕರೆಯುತ್ತ ಬಂದಿದ್ದ ಹೆಸರು ಅಂದು ಬೆಳಗ್ಗೆ ಇನ್ನೊಮ್ಮೆ ಕರೆಯಿತು. ಕರೆಯುವುದರಲ್ಲಿ ಹದಿನೇಳು ವರುಷದ ಕೌಶಲವನ್ನು ತೋರಿಸಿದವರು ಬಂದವರನ್ನು ಕಾಯುವುದಕ್ಕೆ ಒಂದು ದಿನದ ಸಿದ್ಧತೆಯನ್ನೂ ಮಾಡಿಕೊಂಡಿರಲಿಲ್ಲ.

ಮೂರನೆಯ ಸರಕು ಜೂಜು. ೨೦೨೦ರಲ್ಲಿ ಆ ಪಂದ್ಯಮಾಲೆಗೆ ಮುಖ್ಯ ಪ್ರಾಯೋಜಕರಾದವರು ‘ಡ್ರೀಮ್ ೧೧’ ಎಂಬ, ಫೋನಿನಲ್ಲಿ ಹಣವನ್ನು ಒಡ್ಡಿ ತಂಡ ಕಟ್ಟಿ ಆಡುವ ಆಟದವರು. ೨೦೨೩ರಿಂದ ಭಾರತ ತಂಡದ ಅಂಗಿಯ ಎದೆಯ ಮೇಲೂ ಅದೇ ಹೆಸರು ಕುಳಿತಿತು. ಇದು ಅದೃಷ್ಟದ ಆಟವಲ್ಲ, ಕೌಶಲದ ಆಟವೆಂದು ನ್ಯಾಯಾಲಯಗಳಲ್ಲಿ ಅವರ ವಾದವು ಗೆದ್ದುದುಂಟು. ಕರ್ನಾಟಕವು ೨೦೨೧ರಲ್ಲಿ ಪೋಲೀಸು ಕಾಯಿದೆಯನ್ನು ತಿದ್ದಿ ಇಂತಹ ಆಟಗಳನ್ನು ನಿಷೇಧಿಸಿದಾಗ, ೨೦೨೨ರ ಫೆಬ್ರವರಿ ೧೪ರಂದು ಉಚ್ಚ ನ್ಯಾಯಾಲಯವು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಈ ಜಾಹೀರಾತುಗಳು ತಮ್ಮ ಸರಕನ್ನು ಹೇಳದೆ ಇದ್ದುವಲ್ಲ. ಹಣ ಹೋಗಬಹುದು, ಚಟವಾಗಬಹುದು ಎಂಬ ಎಚ್ಚರಿಕೆಯನ್ನೂ ಕೊನೆಯಲ್ಲಿ ಸೇರಿಸುತ್ತಿದ್ದುವು. ಆದರೆ ನೋಡಿದವರೆಲ್ಲರಿಗೂ ಗೊತ್ತು, ಆ ಎಚ್ಚರಿಕೆಯು ಬರುತ್ತಿದ್ದುದು ಹೇಗೆಂದು: ಪುರೋಹಿತನಿಗೆ ಬಸ್ಸು ತಪ್ಪುವ ಹೊತ್ತಿನ ಮಂತ್ರದಂತೆ. ವಾಚ್ಯದಲ್ಲಿ ಅಪಾಯ, ಚಿತ್ರದಲ್ಲಿ ನಗೆ, ಗೆಳೆಯರು, ಹಣದ ಮಳೆ, ಪ್ರಸಿದ್ಧ ಆಟಗಾರನ ಕೈಕುಲುಕು. ವಾಚ್ಯವು ಸತ್ಯವನ್ನು ಹೇಳಿದರೂ ವ್ಯಂಗ್ಯವು ಅದನ್ನು ಅಳಿಸಿಹಾಕಿದರೆ ಆ ಸತ್ಯದಿಂದ ಪ್ರಯೋಜನವೇನು?

ಪಾಠಶಾಲೆಯ ಕ್ರಮದಂತೆ ಪೂರ್ವಪಕ್ಷಗಳನ್ನೂ ಪರಿಶೀಲಿಸೋಣ.

ಮೊದಲನೆಯ ಪಕ್ಷ: “ಜಾಹೀರಾತು ತಿಳಿಸುವುದಷ್ಟೆ, ಕೊಳ್ಳುವುದೂ ಬಿಡುವುದೂ ಅವರವರ ಇಷ್ಟ.” ತಿಳಿಸುವುದೇ ಉದ್ದೇಶವಾದರೆ ಸರಕಿನ ಗುಣವನ್ನೂ ದೋಷವನ್ನೂ ಬೆಲೆಯನ್ನೂ ಹೇಳಿ ಸುಮ್ಮನಾಗಬಹುದಿತ್ತು. ಸೋಡಾದಲ್ಲಿ ತಿಳಿಸುವುದಕ್ಕೆ ಏನಿದೆ? ನೀರು, ಅದರೊಳಗೆ ಗಾಳಿ. ಅದನ್ನು ತಿಳಿಸುವುದಕ್ಕೆ ಕೋಟಿಗಟ್ಟಲೆ ಹಣವನ್ನು ಸುರಿಯುವರೆಂದರೆ ತಿಳಿಸುತ್ತಿರುವುದು ಬೇರೊಂದನ್ನು ಎಂಬುದು ಸ್ಪಷ್ಟ. ಇಷ್ಟವೆಂಬುದು ಅರಿತು ಆರಿಸುವುದು. ಅರಿವಿಗೆ ಬಾರದಂತೆ ಹುಟ್ಟಿಸಿದ ಇಷ್ಟದ ಮೇಲೆ ಸ್ವಾತಂತ್ರ್ಯದ ಮುದ್ರೆಯನ್ನು ಒತ್ತುವುದು ಮೋಸ.

ಎರಡನೆಯ ಪಕ್ಷ: “ಈ ಹಣವಿಲ್ಲದೆ ಆಟಗಳೂ ಉತ್ಸವಗಳೂ ನಡೆಯವು.” ಇದಕ್ಕೆ ಉತ್ತರವನ್ನು ಕಾಲವೇ ಕೊಟ್ಟಿದೆ. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ೨೨ರಂದು ರಾಷ್ಟ್ರಪತಿಗಳ ಅಂಕಿತವಾಯಿತು. ಜಾಹೀರಾತು ಮಾಡಿದವರಿಗೆ ೨ ವರುಷದವರೆಗೆ ಸೆರೆ, ೫೦ ಲಕ್ಷ ರೂಪಾಯಿಯವರೆಗೆ ದಂಡ ಎಂದು ವಿಧಿಸಲಾಯಿತು. ಆ ಪ್ರಾಯೋಜಕರ ಹೆಸರು ಭಾರತ ತಂಡದ ಎದೆಯಿಂದ ಇಳಿಯಿತು. ಮುಂದಿನ ತಿಂಗಳು ಏಷ್ಯಾ ಕಪ್ಪಿನಲ್ಲಿ ನಮ್ಮವರು ಎದೆಯ ಮೇಲೆ ಯಾವ ಪ್ರಾಯೋಜಕನ ಹೆಸರೂ ಇಲ್ಲದ ಅಂಗಿಯನ್ನು ತೊಟ್ಟು ಆಡಿದರು, ಗೆದ್ದೂ ಬಂದರು. ಅಂಗಿಯು ಬರಿದಾಗಿತ್ತೆಂದು ಒಬ್ಬನ ಬ್ಯಾಟಾದರೂ ಭಾರವಾಯಿತೇ? ನಮ್ಮ ಕಂಬಳವೂ ಮೊಸರುಕುಡಿಕೆಯೂ ಯಕ್ಷಗಾನವೂ ಈ ಪ್ರಾಯೋಜಕರ ಅಜ್ಜಂದಿರು ಹುಟ್ಟುವುದಕ್ಕೆ ಮೊದಲೇ ನಡೆಯುತ್ತಿದ್ದುವು.

ಮೂರನೆಯ ಪಕ್ಷ: “ನಿಮ್ಮ ಕಾಲದಲ್ಲಿಯೂ ಇದು ಇತ್ತಲ್ಲವೆ? ಬೀಡಿ ಕಂಪೆನಿಯ ಕ್ಯಾಲೆಂಡರು ನಿಮ್ಮ ಮನೆಯ ಗೋಡೆಯ ಮೇಲೆ ತೂಗುತ್ತಿರಲಿಲ್ಲವೆ?” ತೂಗುತ್ತಿತ್ತು, ಬೀಡಿ ಕಟ್ಟಿದ ಸಂಪಾದನೆಯಿಂದಲೇ ಮಕ್ಕಳನ್ನು ಓದಿಸಿದ ತಾಯಂದಿರು ನಮ್ಮ ಜಿಲ್ಲೆಯಲ್ಲಿ ಅಸಂಖ್ಯರು. ಈ ಪಕ್ಷದಲ್ಲಿ ಸತ್ಯದ ಅಂಶವಿದೆ. ಆದರೆ ಎರಡಕ್ಕೂ ಇರುವ ಭೇದವನ್ನು ಮರೆಯಬಾರದು. ಗೋಡೆಯ ಕ್ಯಾಲೆಂಡರನ್ನು ನಾವು ನೋಡುತ್ತಿದ್ದೆವು. ಅದು ನಮ್ಮನ್ನು ನೋಡುತ್ತಿರಲಿಲ್ಲ. ಮನೆಯ ಹದಿನೈದು ವರುಷದ ಹುಡುಗಿಯು ಯಾವ ಚಿತ್ರದ ಮುಂದೆ ಎಷ್ಟು ಹೊತ್ತು ನಿಂತಳು, ಯಾವ ರಾತ್ರಿ ನಿದ್ದೆಗೆಟ್ಟಳು, ಯಾರನ್ನು ಕಂಡು ಅಸೂಯೆಪಟ್ಟಳು ಎಂದು ಅದು ಲೆಕ್ಕವಿಡುತ್ತಿರಲಿಲ್ಲ. ಫೋನು ಇಡುವುದು. ಹೊತ್ತು ಮುಳುಗಿತೆಂಬ ಮಾತನ್ನು ಕಳ್ಳನಿಗೆ ಬೇರೆಯಾಗಿ, ಗೋಪಾಲನಿಗೆ ಬೇರೆಯಾಗಿ, ಪ್ರತಿಯೊಬ್ಬನ ಕಿವಿಯಲ್ಲಿ ಅವನಿಗೆ ತಟ್ಟುವಂತೆಯೇ ಉಸುರುವ ಯಂತ್ರವದು. ಮಕ್ಕಳ ನಡೆವಳಿಕೆಯನ್ನು ಹಿಂಬಾಲಿಸಿ ಅವರನ್ನು ಗುರಿಯಿಟ್ಟು ಜಾಹೀರಾತು ಹೂಡಬಾರದೆಂದು ೨೦೨೩ರ ವೈಯಕ್ತಿಕ ದತ್ತಾಂಶ ಕಾಯಿದೆಯ ೯ನೆಯ ಕಲಮು ಹೇಳಿತು. ಅದರ ನಿಯಮಗಳು ಪ್ರಕಟವಾಗಲು ೨೦೨೫ರ ನವೆಂಬರ್ ಬರಬೇಕಾಯಿತು. ಮುಖ್ಯ ವಿಧಿಗಳ ಪಾಲನೆಗೆ ಮತ್ತೆ ೧೮ ತಿಂಗಳ ಅವಕಾಶವನ್ನೂ ಕೊಡಲಾಯಿತು. ಹನ್ನೆರಡರಲ್ಲಿದ್ದ ಮಗುವು ಈ ನಡುವೆ ಹದಿನಾರಾಗುವುದು. ಬೀಡಿ ಅಂಗಡಿಯನ್ನು ಶಾಲೆಯಿಂದ ೧೦೦ ಗಜ ದೂರವಿರಿಸಲು ಅಳತೆಯ ಪಟ್ಟಿಯಿದೆ. ಜೇಬಿನೊಳಗೆ ಕುಳಿತು ತರಗತಿಗೆ ಬಂದ ಅಂಗಡಿಯನ್ನು ಯಾವ ಗಜದಿಂದ ಅಳೆಯುವುದು?

ನಾಲ್ಕನೆಯದೊಂದು ಪಕ್ಷವಿದೆ, ಅದು ವಾದಿಸುವುದಿಲ್ಲ, ಹೊಡೆಯುತ್ತದೆ. ೨೦೦೯ರ ಜನವರಿ ೨೪ರಂದು ನಮ್ಮ ಮಂಗಳೂರಿನ ಪಬ್ಬೊಂದಕ್ಕೆ ನುಗ್ಗಿ, ಅಲ್ಲಿದ್ದ ಯುವತಿಯರನ್ನು ಅಟ್ಟಿಸಿ ಬಡಿದುದನ್ನು ದೇಶವೆಲ್ಲ ಟೆಲ್ಲಿವಿಷನ್ನಿನಲ್ಲಿ ಕಂಡಿತು. ಸಂಸ್ಕೃತಿಯ ರಕ್ಷಣೆಗಾಗಿ ಇದನ್ನು ಮಾಡಿದೆವೆಂದು ಸಮರ್ಥಿಸಿಕೊಂಡವರಿದ್ದರು. ನಮ್ಮ ವಿದ್ಯಾವಂತರಲ್ಲಿಯೂ ಕೆಲವರು “ಹೊಡೆದುದು ತಪ್ಪು, ಆದರೆ…” ಎಂದರು. ಆ ‘ಆದರೆ’ಯನ್ನು ನಾನು ಒಪ್ಪಲಾರೆ. ಹೆಣ್ಣುಮಕ್ಕಳ ಮೇಲೆ ಕೈಮಾಡುವುದು ಯಾವ ಸಂಸ್ಕೃತಿಯ ಯಾವ ಗ್ರಂಥದಲ್ಲಿಯೂ ಶೌರ್ಯವೆನಿಸಿಲ್ಲ. ಈ ರಕ್ಷಕರ ಧೈರ್ಯದ ದಿಕ್ಕನ್ನೂ ನೋಡಿರಿ: ಎದುರಿಗೆ ಸಿಕ್ಕಿದ ಇಪ್ಪತ್ತು ವರುಷದವರ ಮೇಲೆ ಅದು ಹರಿಯಿತು, ಸೀಸೆಯ ಹೆಸರನ್ನು ಮಕ್ಕಳ ಅಂಗಿಯ ಮೇಲೆ ಅಚ್ಚೊತ್ತಿಸಿದ ಧನಿಕರ ಕಚೇರಿಯ ಬಾಗಿಲಿಗೆ ಒಂದು ಮನವಿಪತ್ರವನ್ನೂ ಒಯ್ಯಲಿಲ್ಲ.

ಸರಕಾರವನ್ನು ಈ ಲೆಕ್ಕದಿಂದ ಬಿಡುವಂತಿಲ್ಲ. ಮದ್ಯಪಾನವನ್ನು ನಿಲ್ಲಿಸಲು ಪ್ರಯತ್ನಿಸಬೇಕೆಂದು ಸಂವಿಧಾನದ ೪೭ನೆಯ ವಿಧಿಯು ರಾಜ್ಯಕ್ಕೆ ನಿರ್ದೇಶಿಸಿದೆ. ನಮ್ಮ ರಾಜ್ಯವು ೨೦೨೫–೨೬ರ ಆಯವ್ಯಯದಲ್ಲಿ ಅಬಕಾರಿಯಿಂದ ೪೦,೦೦೦ ಕೋಟಿ ರೂಪಾಯಿಗಳ ವರಮಾನವನ್ನು ನಿರೀಕ್ಷಿಸಿತು. ಇಷ್ಟು ದೊಡ್ಡ ಮೊತ್ತವು ಬರಲಿರುವ ಕಡೆಯಿಂದ ಬರುವ ಧ್ವನಿಗೆ ಬೊಕ್ಕಸದ ಕಿವಿಯು ಸ್ವಲ್ಪ ಮಂದವಾದರೆ ಆಶ್ಚರ್ಯವಿಲ್ಲ. ಆದುದರಿಂದ ಎಲ್ಲವನ್ನೂ ಸರಕಾರವೇ ಮಾಡಲೆಂದು ಕೈಕಟ್ಟಿ ಕುಳಿತುಕೊಳ್ಳುವುದು ವಿವೇಕವಲ್ಲ.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಶಾಸನದ ಬಾಲವನ್ನು ಕತ್ತರಿಸಬೇಕು. ಮಾರಲು ನಿರ್ಬಂಧವಿರುವ ಸರಕಿನ ಹೆಸರನ್ನು ಸರಕೆಂದೇ ಭಾವಿಸಬೇಕು. ಆ ಹೆಸರು ನೀರಿಗೂ ಬೇಡ, ಏಲಕ್ಕಿಗೂ ಬೇಡ, ಆಟದ ತಂಡಕ್ಕೂ ಬೇಡ. ನಮ್ಮ ಸಾಹಿತ್ಯ ಸಂಸ್ಥೆಗಳು ಗಡಿ, ನೀರು, ಭಾಷೆಗಳ ವಿಷಯದಲ್ಲಿ ನಿರ್ಣಯಗಳನ್ನು ಅಂಗೀಕರಿಸುವಂತೆ ಈ ವಿಷಯದಲ್ಲಿಯೂ ಒಂದು ನಿರ್ಣಯವನ್ನು ಮಾಡಿ ಲೋಕಸಭಾ ಸದಸ್ಯರಿಗೆ ಕಳುಹಿಸಲಿ.

ಎರಡನೆಯದಾಗಿ, ಊರಿನ ಯುವಕ ಮಂಡಲಗಳೂ ಕ್ರೀಡಾ ಸಂಘಗಳೂ ಉತ್ಸವ ಸಮಿತಿಗಳೂ ತಮಗೆ ಬಂದ ಹಣದ ಮೂಲವನ್ನು ಆಮಂತ್ರಣಪತ್ರಿಕೆಯಲ್ಲಿಯೇ ಅಚ್ಚುಮಾಡಲಿ. ಅಚ್ಚುಮಾಡಲು ನಾಚಿಕೆಯಾಗುವ ಹಣವನ್ನು ತೆಗೆದುಕೊಳ್ಳುವುದಕ್ಕೂ ನಾಚಿಕೆಯಾಗಬೇಕು. ಚಿತ್ರನಟರೂ ಆಟಗಾರರೂ ವರನಟ ರಾಜಕುಮಾರರ ಮಾರ್ಗವನ್ನು ನೆನೆಯಲಿ: ತೆರೆಯ ಮೇಲೆ ಸಿಗರೇಟು ಮದ್ಯಗಳಿಂದ ದೂರವುಳಿದೇ ಅವರು ಅರ್ಧ ಶತಮಾನ ನಾಯಕರಾಗಿ ಮೆರೆದರು; ಜಾಹೀರಾತೆಂದು ಮಾಡಿದುದು ರೈತರ ಹಾಲಾದ ನಂದಿನಿಗಾಗಿ. ೧೯೭೨ರ ‘ಬಂಗಾರದ ಮನುಷ್ಯ’ವನ್ನು ನೋಡಿ ಬೇಸಾಯಕ್ಕೆ ಮರಳಿದ ಯುವಕರ ಕಥೆಯನ್ನು ನಾಡು ಇಂದಿಗೂ ಹೇಳಿಕೊಳ್ಳುತ್ತಿದೆ. ಎಳೆಯರ ಮನಸ್ಸು ಕೇಳುವ ಮನಸ್ಸು. ಏನನ್ನು ಕೇಳಿಸುವೆವು ಎಂಬುದೇ ಪ್ರಶ್ನೆ.

ಮೂರನೆಯದು, ನನ್ನ ಮಟ್ಟಿಗೆ ಮುಖ್ಯವಾದುದು, ಶಾಲೆಯ ಕೆಲಸ. ಪ್ರೌಢಶಾಲೆಯ ಕನ್ನಡ ಪಾಠದಲ್ಲಿ ಉಪಮೆ, ರೂಪಕಗಳ ಲಕ್ಷಣಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುವೆವು. ಅದೇ ಗಂಟೆಯಲ್ಲಿ ವಾರಕ್ಕೊಮ್ಮೆ ಒಂದು ಜಾಹೀರಾತನ್ನು ತರಗತಿಗೆ ತಂದು, ಪದ್ಯವನ್ನು ಅನ್ವಯಿಸುವಂತೆ ಅದನ್ನೂ ಅನ್ವಯಿಸಬೇಕು. ಐದು ಪ್ರಶ್ನೆಗಳು ಸಾಕು. ಹೇಳುತ್ತಿರುವವರು ಯಾರು? ಯಾರಿಗೆ ಹೇಳುತ್ತಿದ್ದಾರೆ? ಹೇಳಿದುದೇನು? ಹೇಳದೆ ತೋರಿಸಿದುದೇನು? ತೋರಿಸಿದುದನ್ನು ನಾನು ನಂಬಿದರೆ ಲಾಭವು ಯಾರಿಗೆ? ಸೋಡಾದ ಜಾಹೀರಾತನ್ನು ಈ ಐದು ಪ್ರಶ್ನೆಗಳಿಗೆ ಒಡ್ಡಿದರೆ, ಎಂಟನೆಯ ತರಗತಿಯ ಮಗುವೂ ನಾಲ್ಕನೆಯದಕ್ಕೆ ಬಂದಾಗ ನಕ್ಕುಬಿಡುವುದು. ಆ ನಗೆಯು ಒಂದು ಸಲ ಬಂದಿತೆಂದರೆ ಧ್ವನಿಯ ಮಂತ್ರಶಕ್ತಿಯು ಅರ್ಧ ಕುಂದಿತೆಂದು ತಿಳಿಯಬೇಕು; ಏಕೆಂದರೆ ತನ್ನದೆಂದು ತಿಳಿದಿದ್ದ ಆಸೆಯು ಎಲ್ಲಿಂದ ಬಂದಿತೆಂಬುದನ್ನು ಮಗುವು ಆಗ ತಾನೇ ಕಂಡುಕೊಂಡಿರುವುದು. ಗುರುಗಳ ಬೈಗುಳಿಂದಲೂ ತಂದೆಯ ಪೆಟ್ಟಿನಿಂದಲೂ ಇದು ಸಾಧ್ಯವಲ್ಲ.

ಕೊನೆಯದಾಗಿ, ಮನೆಯವರಲ್ಲಿ ಒಂದು ವಿಜ್ಞಾಪನೆ. ಮಗನ ಫೋನಿನಲ್ಲಿ ಖಾತೆ ತೆರೆಯುವಾಗ ಅವನ ಹುಟ್ಟಿದ ವರುಷವನ್ನು ಸುಳ್ಳಾಗಿ ಬರೆದುಕೊಟ್ಟವರು ಎಷ್ಟೋ ಮನೆಗಳಲ್ಲಿ ತಂದೆತಾಯಿಗಳೇ. ಹಾಗೆ ಮಾಡಿ ಆಮೇಲೆ ಕಲಿಕಾಲವನ್ನು ದೂರಬೇಡಿರಿ. ಫೋನನ್ನು ಕಸಿದುಕೊಂಡು ಎಸೆಯುವುದರ ಬದಲು, ಸಂಜೆ ಅರ್ಧ ಗಂಟೆ ಅವನ ಪಕ್ಕದಲ್ಲಿ ಕುಳಿತು ಅವನು ನೋಡುವುದನ್ನು ನೀವೂ ನೋಡಿರಿ. ಮೇಲಿನ ಐದು ಪ್ರಶ್ನೆಗಳನ್ನು ಅವನು ನಿಮ್ಮನ್ನು ಕೇಳಲಿ. ನಾವು ಕೊಂಡ ಚಿನ್ನಕ್ಕೂ ಕಾರಿಗೂ ಮಗಳ ಮದುವೆಯ ಮಂಟಪಕ್ಕೂ ಆ ಪ್ರಶ್ನೆಗಳು ಅನ್ವಯಿಸುವುದನ್ನು ಅವನು ಬೇಗನೆ ಕಂಡುಹಿಡಿಯುವನು. ಆಗ ಉತ್ತರಿಸಲು ನಮಗೆ ಸ್ವಲ್ಪ ಕಷ್ಟವಾದೀತು, ಆದರೂ ಉತ್ತರಿಸೋಣ. ಸರಕಾರದ ಅಪ್ಪಣೆಗೆ ಕಾಯದೆ ಶಾಲೆಯ ಯಾವ ಮಾಸ್ತರನಾದರೂ ಮನೆಯ ಯಾವ ಹಿರಿಯನಾದರೂ ಈ ಪಾಠವನ್ನು ನಾಳೆಯೇ ಆರಂಭಿಸಬಹುದು. ಇತ್ಯಲಮ್.